ಚಿಗವ್ವನ ಇರಿವಿ ಸಾಲು

ಚಿಗವ್ವ,

ನಿನ್ನ ಸುಮಿ ಬರಿಯೂ ಕಾಗದ ಇದು. ಹೆಂಗದೀ ಅಂತ ಕೇಳಾಕ ಬಾಯಿ ಬರವಲ್ದು. ನೀ ಇದ್ದಾಗ ಮನಿಗೆ ಬಂದ ಕಾಗದ, ಲಗ್ನಪತ್ರಿಕಿ, ಲೈಟ್ ಬಿಲ್ಲ ಎಲ್ಲಾ ನಾನ ಓದಿ ಹೇಳತಿದ್ದೆ. ಈಗ ನಿನಗ ಯಾರೂ ಓದಿ ಹೇಳೂದು ಬ್ಯಾಡ ಅಂತ ನಂಬೇನಿ. ನಿನ್ನೆ ಬಾದಾಮಿಗೆ ಹೋಗಿದ್ದೆ. ಅಲ್ಲಿ ಕಂಡದ್ದನ್ನ ನಿನಗ ಹೇಳದ ಮತ್ಯಾರಿಗೆ ಹೇಳಲಿ? ಆದ್ರ ಮದಲ ಹಿಂದಿಂದು ಒಂದಿಷ್ಟು ಮಾತಾಡೂದೈತಿ.

ಸಕ್ಕರಿ ಬ್ಯಾನಿ ನಿನ್ನ ಎರಡೂ ಕಣ್ಣು ತಗೊಂಡ ವರ್ಷ ನನಗ ಇನ್ನೂ ಮರಿಯೂದಿಲ್ಲ. ನೀ ಹಾಕಿದ ಕಸೂತಿ ತಿರುವಿ ನೋಡಿದ್ರ ಯಾವದು ಒಳಗ, ಯಾವದು ಹೊರಗ ತಿಳೀತಿರಲಿಲ್ಲ. ಒಂದ ಗಂಟ ಹಾಕದ, ಪೆನ್ಸಿಲ್ಲಿಲೆ ಗುರುತು ಮಾಡದ, ಬರೇ ಬಟ್ಟಿ ಎಳಿ ಎಣಿಸಿ ಗೋಪುರ, ಆನಿ, ನವಿಲು ಎಬ್ಬಿಸತಿದ್ದಿ. ಅವ್ವ ಹೋದ ಮ್ಯಾಲೆ ನನ್ನ ಸಾಕಿ, ಸಾಲಿ ಕಲಿಸಿ, ಮಾಸ್ತರಿಕಿಗೆ ಹಚ್ಚಿದ್ದೂ ಅದ ಕೈ. ಆ ಕೈ ಉಡ್ಯಾಗ ಇಟ್ಟಕೊಂಡು ಕಟ್ಟಿ ಮ್ಯಾಲೆ ಕುಂತಬಿಟ್ಟಿ. ಊಟ ಮಾಡು ಅಂದ್ರ ಊಟ, ಮಲಗು ಅಂದ್ರ ಮಲಗೂದು. ನಾ ಹುನಗುಂದದ ಸಾಲಿಗೆ ಬಸ್ ಹತ್ತೂವಾಗ ನೀ ಹೆಂಗ ಕುಂತಿರತಿದ್ಯಲ್ಲಾ, ಸಂಜಿಗೆ ಬಂದಾಗೂ ಹಂಗ...

ಸಾಲಿಗೆ ಯಾರೋ ಪುಣ್ಯಾತ್ಮರು ಎರಡ ಚೀಲ ಹಳೇ ಆಟಿಗಿ ಇಟ್ಟಿಗಿ ಕೊಟ್ಟಿದ್ರು. ಒಂದಕ್ಕೊಂದು ಸಿಗಿಸಿ ಮನಿ, ಗಾಡಿ ಮಾಡೂ ಪ್ಲಾಸ್ಟಿಕ್ ಇಟ್ಟಿಗಿ. ಭಾಳ ಧೂಳಾಗಿದ್ದುವು, ತೊಳಿಯಾಕ ಮನಿಗೆ ತಂದೆ. ಮಾಳಿಗಿ ಮ್ಯಾಲೆ ಒಣಹಾಕೂವಾಗ ನಿನ್ನ ಕೈಗೂ ಒಂದ ಬುಟ್ಟಿ ಕೊಟ್ಟೆ, ಸುಮ್ಮ ಕೂಡೂದಕ್ಕಿಂತ ಆಗಲಿ ಅಂತ. ನೀ ಒಂದು ಇಟ್ಟಿಗಿ ತಗೊಂಡು ಅದರ ಮ್ಯಾಲಿನ ಗುಳ್ಳಿ ಮ್ಯಾಲೆ ಬೆರಳಾಡಿಸಿದಿ. ಮತ್ತೊಂದು ತಗೊಂಡಿ. ಭಾಳ ಹೊತ್ತಾದ ಮ್ಯಾಲೆ, "ಸುಮಿ, ಇವು ಎಳಿ ಇದ್ದಂಗ ಅದಾವಲ್ಲ. ಎಣಸಾಕ ಬರ್ತಾವು" ಅಂದಿ. ಎಷ್ಟೋ ತಿಂಗಳ ಮ್ಯಾಲೆ ನೀ ನಾ ಕೇಳದನ ಆಡಿದ ಮಾತು ಅದು.

ಅವತ್ತ ಸಂಜಿಮುಂದ ಇಟ್ಟಿಗಿ ಸಿಗಿಸಾಕ ಅದರ ಜೋಡಿ ಬಂದಿದ್ದ ಹಸರು ಹಲಗಿ ಮ್ಯಾಲೆ ಒಂದು ಗೋಪುರ ಎದ್ದಿತು. ಸೊಟ್ಟ ಇತ್ತು, ಖರೆ. ಹೆಡ್ ಮಾಸ್ತರನ್ನ ಕೇಳಿ ಒಂದ ಚೀಲ ನಿನಗ ಉಳಿಸಿದೆ, ಎಂಟ ದಿನದಾಗ ನೆಟ್ಟಗಾತು. ಬಣ್ಣ ಬೆರಳಿಗೆ ತಿಳಿಯೂದಿಲ್ಲ ಅಂತ ಸ್ಟೀಲಿನ ಬಟ್ಟಲ ಸಾಲಾಗಿ ಇಡಿಸಿದಿ. ಎಡಕ್ಕ ಬಿಳಿ, ಆಮ್ಯಾಲೆ ಕೆಂಪು, ಹಳದಿ, ಕಡೀಕ ಕರಿ. ಕೆಂಪು ಎಂಥಾದೈತಿ ಅಂತ ಕೇಳಿದಿ. ಇಳಕಲ್ಲ ಸೀರಿ ಸೆರಗಿನಂಥಾದು ಅಂದೆ. "ಹಂಗಾದ್ರ ನಡೀತೈತಿ" ಅಂದಿ. ಒಮ್ಮೆ ಹಂಸದ ಕುತ್ತಿಗಿ ಒಂದ ಗುಳ್ಳಿ ಆಚೆ ಹೋಗಿತ್ತು ಅಂತ ಅರ್ಧ ಹಲಗಿ ಬಿಚ್ಚಿ ಒಗದಿ. ಯಾರಿಗೂ ಕಾಣೂದಿಲ್ಲ ಬಿಡು ಅಂದ್ರ, ನನ್ನ ಬೆರಳಿಗೆ ಕಾಣತೈತಿ ಅಂತ ನನಗ ಬೈದಿ. ಸಾಲ್ಯಾಗ ಮಕ್ಕಳ ಮುಂದ ಕಲಿಯೂದು ಅಂದ್ರೇನು ಅಂತ ದಿನಾ ಒದರೂ ನಾನು ಅವತ್ತ ಸುಮ್ಮನ ಕುಂತು ನೋಡಿದೆ.

ಇರಿವಿ ಸಾಲು ಹುಟ್ಟಿದ ಮುಂಜಾನಿ ನೆನಪೈತೇನು? ಕಟ್ಟಿ ಮ್ಯಾಲೆ ಕುಂತಾಗ ನಿನ್ನ ಮುಂಗೈ ಮ್ಯಾಲೆ ಇರಿವಿ ಹತ್ತಿದ್ದುವು. ಝಾಡಿಸಾಕ ಬಂದ್ರ ಬ್ಯಾಡ ಅಂದಿ. ಎಲ್ಲಾ ದಾಟಿ ಹೋಗೂ ತನಕ ಕೈ ಅಲಗಾಡಿಸಲಿಲ್ಲ. ಆಮ್ಯಾಲೆ ಹಲಗಿ ಬೇಡಿದಿ. ಒಂದ ಗುಳ್ಳಿಯ ಸಣ್ಣ ಕರಿ ಇಟ್ಟಿಗಿ ಎರಡು, ನಡುವ ಒಂದು ಬಿಳಿ, ಮತ್ತ ಒಂದು ಮೆಟ್ಲು ಮ್ಯಾಲೆ ಎರಡು. ಹಿಂಗ ಏರತಾ ಇಳೀತಾ ಒಂದು ಬಳ್ಳಿ. ಇದು ಕಸೂತ್ಯಾಗ ಇಲ್ಲಲ್ಲ ಅಂತ ಕೇಳಿದೆ. ಇಲ್ಲ, ಈಗ ಬಂತು ಅಂದಿ. ಆ ಸಾಲು ನೋಡಿದ್ರ ಕರಿ ಚುಕ್ಕಿ ಖರೇನ ನಡದಂಗ ಕಾಣತಿತ್ತು. ಇಷ್ಟ ಸಣ್ಣ ಜೀವ ಕೈ ದಾಟಿದ್ದನ್ನ ಹಿಂಗ ಹಿಡಿಯಾಕ ಯಾರಿಂದ ಆಗತೈತಿ, ಚಿಗವ್ವ?

ಬಾಗಲಕೋಟಿ ಪ್ರದರ್ಶನದ ಮಾತು ಬರಿಯಾಕ ಕೈ ಹಿಂದ ಸರೀತೈತಿ. ನವನಗರದಾಗ ಹೆಣ್ಣಮಕ್ಕಳ ಕೈಕೆಲಸ ಇಡ್ತಾರ ಅಂತ ತಿಳದು ನಾನ ಓಡ್ಯಾಡಿ ನಿನ್ನ ಐದು ಹಲಗಿ ಒಯ್ದೆ. ಬೋರ್ಡ ಬರದಾಕಿನೂ ನಾನ: "ಎರಡೂ ಕಣ್ಣಿಲ್ಲದ ಅಜ್ಜಿಯ ಅದ್ಭುತ." ಮಂದಿ ಮುಕರಿತು. ಅಯ್ಯೋ ಪಾಪ ಅಂದ್ರು, ನಿನ್ನ ಕಣ್ಣ ಮುಂದ ಕೈ ಆಡಿಸಿ ನೋಡಿದ್ರು, ಫೋಟೋ ತಗೊಂಡ್ರು. ನೀ ಬಾಜೂ ಕುಂತಾಕಿಗೆ ಬೋರ್ಡ ಓದಾಕ ಹಚ್ಚಿದಿ. ನನಗದು ತಿಳೀಲೇ ಇಲ್ಲ. ವಾಪಸ್ ಬರೂವಾಗ ಬಸ್ಸು ಅಮೀನಗಡ ದಾಟಿತು. ಆಮ್ಯಾಲೆ ಸಣ್ಣ ದನಿಲೆ ಅಂದಿ:

"ಅವರು ನನ್ನ ಕಣ್ಣ ನೋಡಾಕ ಬಂದಿದ್ರು ಸುಮಿ. ಇರಿವಿ ಯಾರೂ ನೋಡಲಿಲ್ಲ. ನಾ ಕುರುಡಿ ಆಗಿ ಮಾಡಿಲ್ಲ ಅದನ್ನ. ಚಂದ ಐತೋ ಇಲ್ಲೋ, ಅಷ್ಟ ಹೇಳಲಿ."

ನಾ ಹೊರಗ ನೋಡಕೋತ ಕುಂತೆ. ನಿನ್ನ ಹೆಮ್ಮಿ ಅಂತ ತಿಳದು ಮಾಡಿದ್ದು, ನನ್ನ ಹೆಮ್ಮಿ ಆಗಿತ್ತಲ್ಲಾ... ಮರುದಿನ ಬೋರ್ಡ ಕಿತ್ತು, ಬರೇ ನಿನ್ನ ಹೆಸರು ಬರದೆ: ಗೌರವ್ವ, ಇಳಕಲ್ಲ. ಅವತ್ತ ಮಂದಿ ಭಾಳ ನಿಲ್ಲಲಿಲ್ಲ. ನಿಂತ ನಾಕ ಮಂದಿ ಮಾತ್ರ ಹಲಗಿ ನೋಡಿದ್ರು. ನಿನಗ ಅಷ್ಟ ಸಾಕಾಗಿತ್ತು. ಬರೂವಾಗ ಅಮೀನಗಡದಾಗ ಕರದಂಟು ಕೊಡಸು ಅಂದಿ, ಸಕ್ಕರಿ ಬ್ಯಾನಿ ಇದ್ದಾಕಿ. ಒಂದು ತುಣುಕು ಕೊಡಿಸಿದೆ. ಆದ್ರ ನನ್ನ ತಪ್ಪು ಮನ್ನಿಸಿದ್ಯೋ ಇಲ್ಲೋ ನಾ ಬಾಯಿಬಿಟ್ಟು ಕೇಳಲಿಲ್ಲ. ಮುಂದಿನ ಚಳಿಗಾಲದಾಗ ನೀ ಮಲಕೊಂಡಾಕಿ ಏಳಲಿಲ್ಲ. ಕೇಳೂದು ಉಳದ ಹೋತು.

ಈಗ ನಿನ್ನೀ ಮಾತು. ನನ್ನ ಜೋಡಿ ಸಾಲ್ಯಾಗ ಕಲಸೂ ಟೀಚರ್ ಒಬ್ಬಾಕಿಯ ಮಮ್ಮಗಳ ತೊಟ್ಟಿಲ ಕಾರ್ಯ ಇತ್ತು ಬಾದಾಮ್ಯಾಗ. ಕೂಸಿನ್ನ ಎತ್ತಿಕೊಂಡೆ. ತಲಿಗೆ ಕಸೂತಿ ಹಾಕಿದ ಕುಂಚಿಗಿ ಕಟ್ಟಿದ್ರು. ಅಂಚಿನಾಗ ಕರಿ ಎರಡು, ನಡುವ ಬಿಳಿ, ಮೆಟ್ಲಾಗಿ ಏರಿ ಇಳಿಯೂ ಸಾಲು. ನಿನ್ನ ಇರಿವಿ ಸಾಲ ಅದು, ಚಿಗವ್ವ. ಅಲ್ಲೇ ಕುಂತು ಬೆರಳಿಟ್ಟು ಎಣಿಸಿದೆ.

ಕುಂಚಿಗಿ ಹೊಲಿದಾಕಿ ಕೂಸಿನ ಇನ್ನೊಬ್ಬಾಕಿ ಅಜ್ಜಿ, ಗುಡೂರು ಕಡಿಯಾಕಿ. ಇದು ಯಾವ ಬಳ್ಳಿ ಅಂತ ಕೇಳಿದೆ.

"ಜ್ವಾಳದ ಸಾಲು ಅಂತೇವ್ರಿ. ಭಾಳ ಹಳೇದು. ಯಾರೋ ಮಗಳ ಫೋನಿಗೆ ಫೋಟೋ ಕಳಿಸಿದ್ರು, ನೋಡಿ ನೋಡಿ ಎಣಿಸಿ ಹಾಕಿದೆ. ಮದಲ ತೆಗದಾಕಿ ಕೈ ಬಂಗಾರ ನೋಡ್ರಿ."

ಇದನ್ನ ತೆಗದಾಕಿ ನಮ್ಮ ಚಿಗವ್ವ, ಇಳಕಲ್ಲ ಗೌರವ್ವ ಅಂದೆ. ಹಳೇದಲ್ಲ, ಇರಿವಿ ಕೈ ದಾಟಿದಾಗ ಆಟಿಗಿ ಇಟ್ಟಿಗಿಲೆ ಹಲಗಿ ಮ್ಯಾಲೆ ಮಾಡಿದ್ದು ಅಂತಾನೂ ಹೇಳಿದೆ. ಕಣ್ಣಿನ ಮಾತು ಎತ್ತಲಿಲ್ಲ. ಆಕಿ ಕೂಸಿನ ತಲಿ ಮ್ಯಾಲಿನ ಸಾಲನ್ನ ಮತ್ತೊಮ್ಮೆ ನೋಡಿದ್ಲು. ಹೌದ್ರಿ, ಇರಿವಿನ ಇವು, ನಡ್ಯಾಕತ್ತಾವು ಅಂದು ನಕ್ಕಳು. ಆಮ್ಯಾಲೆ ನಿನ್ನ ಬಗ್ಗೆ ಏನೂ ಕೇಳಲಿಲ್ಲ, ಬಳ್ಳಿ ಬಗ್ಗೇನ ಕೇಳಿದ್ಲು. ನಡುವಿನ ಬಿಳಿ ಒಂದ್ಯಾಕ, ಮದಲಿನದರಾಗ ಮೂಲಿಗೆ ಬಂದಾಗ ಸಾಲು ಹೆಂಗ ತಿರಗತೈತಿ. ನನಗ ತಿಳೀದು ಅಂದೆ. ನಿನ್ನ ಹಲಗ್ಯಾಗ ಸಾಲು ನೆಟ್ಟಗ ಹೋಗಿ ಅಂಚಿಗೆ ಮುಗೀತಿತ್ತು. ಆಕಿ ಕುಂಚಿಗಿ ಮೂಲ್ಯಾಗ ಅದನ್ನ ತಾನ ತಿರಿಗಿಸ್ಯಾಳ, ನೋಡು.

ಬರೂ ಐತವಾರ ಆಕಿ ನಿನ್ನ ಹಲಗಿ ನೋಡಾಕ ಇಳಕಲ್ಲಿಗೆ ಬರ್ತಾಳ. ಮುಟ್ಟಿ ಎಣಸಾಕ ಕೊಡ್ತೀರೇನು ಅಂತ ಕೇಳ್ಯಾಳ. ಕೊಡ್ತೇನಿ ಅಂದೇನಿ.

ನಿನ್ನ
ಸುಮಿ