ಜುಜ ಎಂಬ ಒಂದೇ ಮಾತು

ಆಳಂದ
೧೮ ಫೆಬ್ರುವರಿ ೨೦೨೪

ನನ್ನ ಮುದ್ದು ಮಂಜರಿ,

ಅಕ್ಕನ ಆಶೀರ್ವಾದ. ಜೇವರ್ಗಿಯಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರ ಬಂದವು, ಒಂದಕ್ಕೂ ಉತ್ತರ ಬರೆಯಲಿಲ್ಲ. ಬೈಯಬೇಡ. ಫೋನಿನಲ್ಲಾದರೂ ಯಾಕೆ ಬಾಯಿಬಿಡುವುದಿಲ್ಲ ಎಂದು ಕೇಳಿದ್ದೀ. ಫೋನು ಹಿಡಿದರೆ ನಿನ್ನ ಭಾವ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾರೆ. ಅವರ ಸಂಕಟವನ್ನು ಅವರೆದುರಿಗೇ ಹೇಗೆ ಹೇಳಲಿ? ಈಗ ಜೊತೆಗಾರ ಲಾಲಸಾಬನ ಹೆಗಲು ಹಿಡಿದು ಬೈಂಡಿಂಗಿನ ದುಕಾನಿಗೆ ಹೋಗಿದ್ದಾರೆ, ಅದಕ್ಕೇ ಬರೆಯಲು ಕೂತೆ. ಹೌದೇ, ದುಕಾನಿಗೆ! ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು ಮುಂದೆ ಓದು.

ನಿನ್ನ ಭಾವನಿಗೆ ಮಾತು ಬಂದಿದೆ.

ಶ್ರಾವಣದಲ್ಲಿ ಲಕ್ವಾ ಹೊಡೆದಾಗ ನೀನು ಬಂದು ನೋಡಿದ್ದೆಯಲ್ಲ, ಆಗ ಬಾಯಿಂದ ಸೊಲ್ಲೇ ಹೊರಡುತ್ತಿರಲಿಲ್ಲ. ನೀನು ಹೋದ ಮೇಲೆ ಒಂದೇ ಒಂದು ಮಾತು ಮರಳಿತು. "ಜುಜ." ನಿನಗೆ ಗೊತ್ತಿರಲಿಕ್ಕಿಲ್ಲ, ಅದು ಬೈಂಡಿಂಗಿನವರ ಮಾತು. ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿ ಮಡಚಿ ಹದಿನಾರು ಪುಟದ (ಇವರು ಪುಟಕ್ಕೆ ‘ಪಾನ’ ಅನ್ನುತ್ತಾರೆ) ಕಟ್ಟು ಮಾಡುತ್ತಾರಲ್ಲ, ಅದೇ ಜುಜ. ಅಂಥವನ್ನು ಒಂದರ ಮೇಲೊಂದಿಟ್ಟು ಬೆನ್ನಿಗೆ ಹೊಲಿದರೆ ಪುಸ್ತಕ. ಆಯುಷ್ಯವೆಲ್ಲ ಅದನ್ನೇ ಹೊಲಿದ ಮನುಷ್ಯನಿಗೆ ಅದೊಂದೇ ಉಳಿಯಿತು. ನೀರು ಬೇಕಾದರೂ ಜುಜ, ಸೆಕೆಯಾದರೂ ಜುಜ, ಸಾರಿಗೆ ಉಪ್ಪು ಹೆಚ್ಚಾದರೂ ಜುಜ. ಸಿಟ್ಟಿನ ಜುಜ ಬೇರೆ, ಹಸಿವಿನ ಜುಜ ಬೇರೆ. ದನಿ ಕೇಳಿಯೇ ನಾನು ಅರ್ಥ ಹಚ್ಚುತ್ತಿದ್ದೆ. ತಪ್ಪುತ್ತಲೂ ಇತ್ತು. ಚಹಾ ಕೇಳಿದ್ದಕ್ಕೆ ಒಮ್ಮೆ ಎರಡನೇ ಸಲ ಸ್ನಾನ ಮಾಡಿಸಿದ್ದೇನೆ, ಪಾಪ.

ಸಂಕ್ರಾಂತಿಯ ಹೊತ್ತಿಗೆ ಕಲಬುರಗಿಯ ಡಾಕ್ಟರು, "ಇಷ್ಟು ದಿನಕ್ಕೂ ಇನ್ನೊಂದು ಮಾತ ಬಂದಿಲ್ಲಂದ್ರ ಕಠಿಣ ಅದರೀ ಅಮ್ಮಾ. ಇಷ್ಟರಾಗೇ ಸಂಭಾಳಿಸ್ರಿ" ಎಂದುಬಿಟ್ಟರು. ಬಸ್ಸಿನಲ್ಲಿ ಬರುವಾಗ ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಅವರು ಪಕ್ಕದಲ್ಲಿ ಕೂತು ನನ್ನ ಮೊಣಕೈ ಮುಟ್ಟಿ ಮುಟ್ಟಿ "ಜುಜ, ಜುಜ" ಅನ್ನುತ್ತಿದ್ದರು.

ದುಕಾನನ್ನು ಇಷ್ಟು ದಿನ ನಡೆಸಿದವನು ಜೊತೆಗಾರ ಲಾಲಸಾಬ. ಹೋದ ವಾರ ಗಾಣಗಾಪುರದ ಅಂಗಡಿಗಳಿಗೆ ಪಾರಾಯಣದ ಪೋಥಿ ಕಟ್ಟಿ ಕಳಿಸಬೇಕಿತ್ತು. "ಶ್ರೀರಂಗ ನೋಡಕೋತ ಕೂಡ್ಲಿ ವೈನಿ, ಮನಸ್ಸಿಗಿ ಬೇಸರ ಕಳೀತದ" ಎಂದು ಕೆಲಸವನ್ನೆಲ್ಲ ನಮ್ಮ ಪಡಸಾಲೆಗೇ ಹೊತ್ತು ತಂದ. ಜುಜಗಳ ಗುಡ್ಡೆಯನ್ನು ಎಡದಿಂದ ಬಲಕ್ಕೆ ಸಾಲಾಗಿ ಇಟ್ಟ. ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿ ಜೋಡಿಸುತ್ತ ಹೋಗಬೇಕು. ಆದರೆ ಅದಕ್ಕೆ ಮೊದಲು ಅವನು ಹದಿನೈದು ದಿನ ಬರೀ ಉರ್ದು ಪುಸ್ತಕ ಕಟ್ಟಿದ್ದ. ಉರ್ದುವಿನದು ಬಲಗಡೆಯಿಂದ ಶುರು. ಕೈಗೆ ಅದೇ ರೂಢಿ ಹತ್ತಿತ್ತು. ಕನ್ನಡದ ಪೋಥಿಯನ್ನೂ ಬಲಗಡೆಯಿಂದ ಎತ್ತುತ್ತ ಬಂದ. ನಾನೋ, ಅವನ ಎದುರಿಗೆ ಕೂತು ಸೂಜಿಗೆ ದಾರ ಪೋಣಿಸುತ್ತ ಹರಟೆ ಹೊಡೆಯುತ್ತಿದ್ದೆ.

ಪ್ರತಿ ಜುಜದ ಬೆನ್ನಿಗೆ ಒಂದು ಕಪ್ಪು ಗುರುತು ಅಚ್ಚಾಗಿರುತ್ತದೆ. ಸರಿಯಾಗಿ ಜೋಡಿಸಿದರೆ ಆ ಗುರುತುಗಳು ಎಡದಿಂದ ಬಲಕ್ಕೆ ಮೆಟ್ಟಿಲಿನಂತೆ ಇಳಿಯುತ್ತವೆ. ಮಂಚದ ಮೇಲಿಂದ ಅವರಿಗೆ ಆ ಬೆನ್ನು ಕಂಡಿತು. "ಜುಜ!" ಎಂದು ಚೀರಿದರು. ನಾನು ನೀರು ತಂದೆ. "ಜುಜ! ಜುಜ!" ಫ್ಯಾನು ಹಾಕಿದೆ. ಮುಖ ಕೆಂಪಾಗಿಹೋಯಿತು. "ಸಂಡಾಸಕ್ಕ ಹೋಗೋದದ ಕಾಣ್ತದ ವೈನಿ" ಎಂದು ಲಾಲಸಾಬ ಕಂಕುಳಿಗೆ ಕೈಹಾಕಿ ಎತ್ತಿದ. ಇವರು ಅವನನ್ನು ಕೊಡವಿ, ಎಡಗೈ ಚಾಚಿ, "ಉಲ್ಟಾ! ಉಲ್ಟಾ ಹಚ್ಚೀದಿ ಲೇ, ಲಾಲ್ಯಾ!" ಎಂದರು.

ಅವರು ಜುಜ ಎಂದರೆ ಏನೆಲ್ಲ ಅರ್ಥ ಹಚ್ಚಿದ ನಾನು, ನಿಜವಾಗಿಯೂ ಜುಜವನ್ನೇ ತೋರಿಸಿದ ದಿನ ನೀರು ಹಿಡಿದು ನಿಂತಿದ್ದೆ ನೋಡು! ಲಾಲಸಾಬ ಅವರ ಎರಡೂ ಕೈ ಹಿಡಿದುಕೊಂಡು, "ಇನ್ನೊಮ್ಮಿ ಬೈ ಶ್ರೀರಂಗಾ, ಖುದಾನ ಆಣಿ, ಇನ್ನೊಮ್ಮಿ ಬೈ" ಎಂದು ಅಳತೊಡಗಿದ. ಇವರೇನು ಕಡಿಮೆ, ಮನಸಾರೆ ಬೈದರು. ಪೋಥಿಯಷ್ಟನ್ನೂ ಬಿಚ್ಚಿ ಮತ್ತೆ ಜೋಡಿಸಿದೆವು. ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಎರಡು ಸಲ ಮಾಡಿಲ್ಲ.

ಅಂದಿನಿಂದ ಮಾತುಗಳು ಒಂದೊಂದೇ ಬರುತ್ತಿವೆ. ನೀರು, ಸಾಕು, ಬಾಗಿಲು ಹಾಕು. ನಿನ್ನೆ "ಮಂಜರಿ ಬರಲಿಲ್ಲೇನು?" ಎಂದು ಕೇಳಿದರು. ಇವತ್ತು "ಸಾರಿಗಿ ಉಪ್ಪ ಯಾರ ಹಾಕ್ಯಾರ?" ಎಂದು ಇಡೀ ವಾಕ್ಯದಲ್ಲಿ ರೇಗಿದರು. ಹೋದ ಜೀವ ಬಂದಂತಾಗಿದೆ ಕಣೇ. ರಾತ್ರಿ ಹಾಸಿಗೆಗೆ ಬಿದ್ದರೆ ನಿದ್ದೆ ಬರುತ್ತಿದೆ. ಯುಗಾದಿಗೆ ಎಲ್ಲರೂ ಬನ್ನಿ, ನಿನ್ನ ಭಾವನ ಬೈಗುಳ ಕೇಳಿಕೊಂಡು ಹೋಳಿಗೆ ತಿನ್ನುವಿರಂತೆ. ಮಕ್ಕಳಿಗೆ ಒಳ್ಳೆಯದಾಗಲಿ, ನಿನ್ನ ಮನೆ ತಂಪಾಗಿರಲಿ.

ನಿನ್ನ ಅಕ್ಕ,
ಜಾನಕಿ

ತಾ.ಕ.: ಒಂದು ಮಾತು ನಿನಗಷ್ಟೇ. ಆ ದಿನಗಳಲ್ಲಿ ಸಂಜೆ ದೀಪ ಹಚ್ಚಿ ನಾನು ಪಕ್ಕಕ್ಕೆ ಕೂತಾಗ ಒಮ್ಮೊಮ್ಮೆ ಮೆಲ್ಲಗೆ "ಜುಜ" ಅನ್ನುತ್ತಿದ್ದರು. ನೀರೇ ಎಂದರೆ ಅಲ್ಲ, ಹೊದಿಕೆಯೇ ಎಂದರೆ ಅಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಕರೆಯುತ್ತಿದ್ದಾರೆಂದು ತಿಳಿದು ನಾನು "ಓ" ಅನ್ನುತ್ತಿದ್ದೆ. ಮದುವೆಯಾದಾಗಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏ", "ಕೇಳ್ತೇನು", ಅಷ್ಟೇ. ನಮ್ಮ ಮನೆಗಳ ರೀತಿ ನಿನಗೆ ಗೊತ್ತು. ಮೊನ್ನೆ ಧೈರ್ಯ ಮಾಡಿ, "ನನಗ ಜುಜ ಅಂತ ಕರೀತಿದ್ರಿ, ನೆನಪದೇನ್ರಿ?" ಎಂದು ಕೇಳಿದೆ. ನಕ್ಕುಬಿಟ್ಟರು. "ಹುಚ್ಚಿ, ಜುಜ ಅಂದ್ರ ಹದಿನಾರು ಪಾನ" ಎಂದರು. ನಾನೂ ನಕ್ಕೆ, ಏನು ಮಾಡಲಿ. ಅವರ ಮಾತೆಲ್ಲ ಅವರಿಗೆ ವಾಪಸು ಬರುತ್ತಿದೆ ಮಂಜರಿ, ದೇವರು ದೊಡ್ಡವನು. ನನಗಿದ್ದ ಒಂದು ಹೆಸರು ಮಾತ್ರ ಹೋಯಿತು.