ಒಂಬತ್ತು ಮಕ್ಕಳ ಹಗಲು ನಿದ್ದೆ

ಜುಲೈ 7, ಸೋಮವಾರ

ಎಂಟಕ್ಕೆ ಹಾಜರಿ ಮುಗಿಯಿತು. ಹನ್ನೊಂದು ಕುಟುಂಬ, ಹದಿನಾಲ್ಕು ಮಕ್ಕಳು. ಐವರು ಸ್ಕೂಲಿಗೆ ಹೋದರು. ಉಳಿದ ಒಂಬತ್ತು ಸಣ್ಣವು ಸಿದ್ದಕ್ಕನ ಹತ್ತಿರ. ಕೊಪ್ಪಳದ ಕಡೆಯ ಹೆಂಗಸು, ಅರವತ್ತರ ಆಸುಪಾಸು, ಒಂಟಿ. ಇಲ್ಲೇ ಮೂಲೆಯ ಮಂಚ ಅವಳದು. ತಾಯಂದಿರು ಗಾರ್ಮೆಂಟ್ಸಿಗೋ ಕಟ್ಟಡದ ಕೆಲಸಕ್ಕೋ ಹೋದಾಗ ಮಕ್ಕಳನ್ನು ನೋಡಿಕೊಳ್ಳುತ್ತಾಳೆ.

ನಾನು ಈ ಆಶ್ರಯ ಕೇಂದ್ರಕ್ಕೆ ವಾರ್ಡನ್ ಆಗಿ ಬಂದು ಇವತ್ತಿಗೆ ಐದು ತಿಂಗಳು. ‘ಶ್ಯಾಮಲಾ ಮೇಡಂ, ಮನೆ ಇಲ್ದೇ ಇರೋರನ್ನ ಸಂಭಾಳ್ಸೋದು ಸುಲಭ ಅಲ್ಲ’ ಎಂದು ಸಂಸ್ಥೆಯ ಕೋಆರ್ಡಿನೇಟರ್ ಹರ್ಷವರ್ಧನ್ ಮೊದಲ ದಿನವೇ ಹೆದರಿಸಿದ್ದರು. ಹದಿನೆಂಟು ವರ್ಷ ಪೀಣ್ಯದ ಫ್ಯಾಕ್ಟರಿಯಲ್ಲಿ ಅರವತ್ತು ಮೆಷಿನ್‌ಗಳ ಲೈನ್ ನಡೆಸಿದವಳು ನಾನು. ಇದೇನು ಮಹಾ.

ಮಧ್ಯಾಹ್ನ ಯಾವುದೋ ಕಂಪನಿಯವರು ಬಂದಿದ್ದರು, ನೆರವು ಕೊಡುವ ಮುಂಚೆ ನೋಡಿಕೊಂಡು ಹೋಗಲು. ಹಾಲ್‌ನಲ್ಲಿ ಚಾಪೆಯ ಮೇಲೆ ಒಂಬತ್ತೂ ಮಲಗಿದ್ದವು. ‘ಎಷ್ಟು ಡಿಸಿಪ್ಲಿನ್!’ ಎಂದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ರಿಜಿಸ್ಟರಿನಲ್ಲಿ ನಾನೇ ಬರೆದೆ — ‘ಸಿದ್ದಕ್ಕನವರ ಸೇವೆ ಶ್ಲಾಘನೀಯ.’

ಜುಲೈ 10, ಗುರುವಾರ

ಮಹಾನಂದಾ ಕೆಲಸದಿಂದ ಬಂದವಳು ನೇರ ನನ್ನ ಟೇಬಲ್ಲಿಗೆ ಬಂದಳು. ಯಾದಗಿರಿಯವಳು. ಗಂಡ ಬಿಟ್ಟುಹೋಗಿದ್ದಾನೆ. ಕಟ್ಟಡದ ಕೆಲಸ. ಮಗಳು ಯಮುನಾಗೆ ಮೂರು ವರ್ಷ.

‘ಮೇಡಂ, ಕೂಸು ಮಾತಾಡವಲ್ದು ನೋಡ್ರಿ. ಊರಾಗ ಅವ್ವಾ, ನೀರು, ಬಾ, ಎಲ್ಲಾ ಅಂತಿತ್ತು. ಈಗ ಬರೇ ನೋಡ್ತಾಳ್ರೀ.’

‘ಊಟ ಮಾಡ್ತಾಳಾ?’

‘ತುತ್ತು ಬಾಯಾಗ ಇಟ್ಕೊಂಡೇ ಕಣ್ಣು ಮುಚ್ತಾಳ್ರೀ.’

ರಕ್ತ ಕಡಿಮೆ ಇರಬೇಕು, ರಾಗಿ ಗಂಜಿ ಕೊಡು, ಮೊಟ್ಟೆ ಕೊಡು ಎಂದೆ. ಕೆಲಸದಿಂದ ಬಂದಮೇಲೆ ಫೋನ್ ಬಿಟ್ಟು ಮಗುವಿನ ಜೊತೆ ಮಾತಾಡು ಎಂದೂ ಬೈದೆ. ತಲೆ ತಗ್ಗಿಸಿ ಹೋದಳು. ಈ ಹುಡುಗಿಯರಿಗೆ ಸ್ವಲ್ಪ ಗದರಿ ಹೇಳಿದರೇ ತಲೆಗೆ ಹೋಗುವುದು.

ಜುಲೈ 16, ಬುಧವಾರ

ಮಹಾನಂದಾಗೆ ರಜೆ ಸಿಗಲಿಲ್ಲ. ಯಮುನಾಳನ್ನು ನಾನೇ ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಹೋದೆ. ಲೇಡಿ ಡಾಕ್ಟರ್, ಚಿಕ್ಕ ವಯಸ್ಸು, ಆದರೆ ಚುರುಕು. ಬ್ಲಡ್ ಟೆಸ್ಟ್ ಮಾಡಿಸಿದರು. ರಕ್ತ ಸ್ವಲ್ಪ ಕಡಿಮೆ, ಹೀಗೆ ಮಲಗುವಷ್ಟು ಅಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು.

‘ಏನಾದ್ರೂ ಔಷಧಿ ಕೊಡ್ತಿದ್ದೀರಾ?’

‘ಇಲ್ಲ.’

‘ಕೆಮ್ಮಿಗೆ, ನೆಗಡಿಗೆ?’

‘ಇಲ್ಲ ಡಾಕ್ಟ್ರೇ.’

‘ಬೇರೆ ಮಕ್ಳೂ ಹಗಲು ಹೀಗೇ ಮಲಗ್ತವಾ?’

‘ಎಲ್ಲಾ ಮಲಗ್ತವೆ’ ಎಂದೆ. ಹೆಮ್ಮೆಯಿಂದ ಹೇಳಲು ಹೊರಟ ಮಾತು. ಬಾಯಿಂದ ಹೊರಬಿದ್ದ ಮೇಲೆ ನನ್ನ ಕಿವಿಗೇ ಬೇರೆ ಥರ ಕೇಳಿಸಿತು. ಒಂಬತ್ತು ಮಕ್ಕಳು. ಐದು ತಿಂಗಳು. ಹಗಲು ಹೊತ್ತಿನಲ್ಲಿ ಒಂದೇ ಒಂದು ಅತ್ತಿದ್ದನ್ನು ಕೇಳಿದ ನೆನಪಿಲ್ಲ.

ಡಾಕ್ಟರ್ ಚೀಟಿಯ ಹಿಂದೆ ತಮ್ಮ ಫೋನ್ ನಂಬರ್ ಬರೆದು ಕೊಟ್ಟರು.

ಜುಲೈ 17, ಗುರುವಾರ, ಬೆಳಗ್ಗೆ 9.30

ಈಗಲೇ ಬರೆದಿಡಬೇಕು, ಹೊತ್ತು ಸಮೇತ.

ಆನೇಕಲ್‌ನಲ್ಲಿ ಟ್ರೈನಿಂಗ್ ಇದೆ, ಸಂಜೆ ಬರುತ್ತೇನೆ ಎಂದು ಹೇಳಿ ಎಂಟೂವರೆಗೆ ಹೊರಟೆ. ಬಸ್ ಸ್ಟಾಪಿನಲ್ಲಿ ಕೂತಿದ್ದು 9.10ಕ್ಕೆ ಹಿಂದಿನ ಬಾಗಿಲಿನಿಂದ ಒಳಗೆ ಬಂದೆ.

ಒಂಬತ್ತೂ ಗೋಡೆಗೆ ಒರಗಿ ಸಾಲಾಗಿ ಕೂತಿದ್ದವು. ಯಾರೂ ಕೂರಿಸಿದ್ದಲ್ಲ, ರೂಢಿಯಾಗಿಬಿಟ್ಟಿದೆ. ಸಿದ್ದಕ್ಕ ಬಾಟಲಿಯ ಮುಚ್ಚಳಕ್ಕೆ ಸಿರಪ್ ಸುರಿದು ಒಬ್ಬೊಬ್ಬರ ಮುಂದೆ ಬಗ್ಗುತ್ತಿದ್ದಳು. ಅವಳು ಹತ್ತಿರ ಬರುವ ಮೊದಲೇ ಮಗು ಬಾಯಿ ತೆರೆಯುತ್ತಿತ್ತು. ಯಮುನಾ ಕೊನೆಯವಳು. ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.

ಬಾಟಲಿ ಕಿತ್ತುಕೊಂಡೆ. ದೊಡ್ಡವರ ಕೆಮ್ಮಿನ ಔಷಧಿ. ಕುಡಿದು ಗಾಡಿ ಓಡಿಸಬೇಡಿ, ನಿದ್ದೆ ಬರುತ್ತದೆ ಎಂದು ಅದರ ಮೇಲೇ ಬರೆದಿದೆ.

‘ಏನಿದು ಸಿದ್ದಕ್ಕ?’

ಅವಳು ಗಾಬರಿಯಾಗಲಿಲ್ಲ. ಅದೇ ನನಗೆ ಗಾಬರಿ. ‘ನಾ ಏನು ವಿಷ ಕೊಟ್ಟೀನೇನ್ರೀ? ನನ್ನ ಮಕ್ಕಳಿಗೂ ಹಿಂಗೇ ಏನರ ಕೊಟ್ಟು ಮಲಗ್ಸಿ ದುಡಿದೀನಿ. ಹೋದ ವರ್ಷ ಸೈಟಿನ್ಯಾಗ ನಾ ನೋಡ್ತಿದ್ದ ಕೂಸು ಒಂದು ಸಂಪಿನಾಗ ಬಿತ್ತು. ತೆಗೀವಾಗ ಜೀವ ಇರ್ಲಿಲ್ಲ. ಒಂಬತ್ತು ಮಕ್ಕಳು ಮೇಡಂ, ಹೊರಗ ಲಾರಿ. ನನಗಿರೋದು ಎರಡೇ ಕೈ.’

ಆಮೇಲೆ ಅಂದಳು — ‘ಗದ್ದಲ ಇರಬಾರದು ಅಂತ ನೀವೇ ಅಂದಿದ್ರಲ್ರೀ.’

ಅಂದಿದ್ದೆ. ಫೆಬ್ರವರಿಯಲ್ಲಿ, ಬಂದ ವಾರವೇ.

ಡಾಕ್ಟರಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಬರುತ್ತಿದೆ. ಕುಡಿದ ಎಂಟು ಮಕ್ಕಳಲ್ಲಿ ಇಬ್ಬರು ಆಗಲೇ ತೂಕಡಿಸುತ್ತಿದ್ದಾರೆ. ಮಾತಾಡಿಸುತ್ತಾ, ಕೆನ್ನೆ ತಟ್ಟುತ್ತಾ ಇರಿ ಎಂದಿದ್ದಾರೆ. ತಟ್ಟುತ್ತಲೇ ಬರೆಯುತ್ತಿ

ಅದೇ ದಿನ, ಸಂಜೆ 5

ಒಂಬತ್ತೂ ಆಸ್ಪತ್ರೆಯಲ್ಲಿ. ಎಲ್ಲರೂ ಉಸಿರಾಡುತ್ತಿದ್ದಾರೆ, ಸರಿಯಾಗಿ. ಎರಡು ದಿನ ಅಲ್ಲೇ ಇರಬೇಕು. ಸಿದ್ದಕ್ಕ ಆಫೀಸ್ ರೂಮಿನಲ್ಲಿ ಕೂತಿದ್ದಾಳೆ, ಓಡಿಹೋಗುವ ಪ್ರಯತ್ನವನ್ನೂ ಮಾಡಲಿಲ್ಲ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವ ಮೊದಲು ಹರ್ಷವರ್ಧನ್ ಅವರಿಗೆ ತಿಳಿಸಿದೆ. ಅರ್ಧ ಗಂಟೆಯಲ್ಲಿ ಬಂದರು. ಕೆಟ್ಟ ಮನುಷ್ಯ ಅಲ್ಲ. ಹೆದರಿದ ಮನುಷ್ಯ.

‘ಮೇಡಂ, ಒಳಗೇ ಮುಗಿಸ್ಬೋದು. ಅವ್ಳನ್ನ ಕಳಿಸ್ಬಿಡೋಣ. ಕೇಂದ್ರ ಮುಚ್ಚಿಸಿದ್ರೆ ಇಷ್ಟೂ ಜನ ಫ್ಲೈಓವರ್ ಕೆಳಗೆ ಹೋಗ್ತಾರೆ.’

‘ಅವಳು ಇನ್ನೊಂದು ಸೈಟಿಗೆ ಹೋಗ್ತಾಳೆ ಸಾರ್. ಅಲ್ಲಿ ಇನ್ನೊಂಬತ್ತು ಮಕ್ಳು.’

‘ರಿಪೋರ್ಟಲ್ಲಿ ನಿಮ್ ಹೆಸ್ರೂ ಬರುತ್ತೆ.’

‘ಬರ್ಲಿ. ಸ್ಪೆಲ್ಲಿಂಗ್ ಸರಿ ಇರ್ಲಿ ಅಷ್ಟೇ.’

ಅವರ ಎದುರಿಗೇ ಫೋನ್ ಮಾಡಿದೆ. ರಿಜಿಸ್ಟರಿನ ‘ಶ್ಲಾಘನೀಯ’ ಪುಟವನ್ನೂ ಫೋಟೋ ತೆಗೆದು ಇಟ್ಟೆ. ನನ್ನ ಕೈಬರಹ. ಹರಿದು ಹಾಕುವವಳಲ್ಲ ನಾನು.

ಜುಲೈ 18, ಶುಕ್ರವಾರ

ಆಸ್ಪತ್ರೆಯ ಕಾರಿಡಾರ್‌ನಲ್ಲಿ ತಾಯಂದಿರು. ಬೈಗುಳ ಸಿದ್ದಕ್ಕನಿಗೆ ಬೀಳುತ್ತದೆ ಅಂದುಕೊಂಡಿದ್ದೆ. ಅರ್ಧ ನನಗೇ ಬಿತ್ತು. ‘ಈಗ ಮಕ್ಕಳನ್ನ ಯಾರು ನೋಡ್ಕೋತಾರ? ಕೆಲಸ ಬಿಡೂಣೇನು?’ ಈ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಬೇಕಿತ್ತು, ಐದು ತಿಂಗಳ ಹಿಂದೆಯೇ.

ಮಹಾನಂದಾ ಬೈಯಲಿಲ್ಲ. ನನ್ನ ಸೆರಗು ಹಿಡಿದುಕೊಂಡಳು. ‘ಮಕ್ಕಳ ಕಲ್ಯಾಣ ಸಮಿತಿಯವರು ನನ್ನ ಕೂಸಿನ್ನ ಕಸ್ಕೊಂಡು ಹೋಗ್ತಾರಂತ, ಖರೇ ಏನ್ರೀ?’

‘ಇಲ್ಲ’ ಎಂದೆ. ನನಗೆ ಗೊತ್ತಿರಲಿಲ್ಲ. ಆದರೂ ಎಂದೆ. ಇನ್ನು ಅದನ್ನು ನಿಜ ಮಾಡುವುದು ನನ್ನ ಕೆಲಸ.

ಇನ್ನೊಂದು ಮಾತೂ ಹೇಳಬೇಕಿತ್ತು. ‘ಮೊನ್ನೆ ನಿನ್ನನ್ನ ಬೈದೆನಲ್ಲ, ತಪ್ಪಾಯ್ತು ಕಣಮ್ಮ. ನೀನು ಸರಿಯಾಗೇ ನೋಡಿದ್ದೆ. ನಾನೇ ನೋಡ್ಲಿಲ್ಲ.’

ಅವಳು ಅತ್ತಳು. ನಾನು ಅಳಲಿಲ್ಲ. ಮನೆಗೆ ಬಂದು ಸ್ನಾನದ ಮನೆಯಲ್ಲಿ… ಸಾಕು.

ಆಗಸ್ಟ್ 4, ಸೋಮವಾರ

ಎರಡು ವಾರ ಬರೆಯಲಾಗಲಿಲ್ಲ. ಓಡಾಟ. ಇವತ್ತು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಿ.

‘ಐದು ತಿಂಗಳು ನಿಮಗೆ ಅನುಮಾನ ಬರಲಿಲ್ಲವೇ?’ ಎಂದು ಅಧ್ಯಕ್ಷೆ ಕೇಳಿದರು.

‘ಬರಲಿಲ್ಲ. ಮಕ್ಕಳು ಸುಮ್ಮನಿದ್ದದ್ದು ನನಗೆ ಅನುಕೂಲವಾಗಿತ್ತು’ ಎಂದೆ. ರೂಮಿನಲ್ಲಿ ಎಲ್ಲರೂ ತಲೆ ಎತ್ತಿದರು. ಹರ್ಷವರ್ಧನ್ ಕಣ್ಣು ಮುಚ್ಚಿಕೊಂಡರು.

ಆಮೇಲೆ ನನ್ನ ಪಟ್ಟಿ ಮುಂದಿಟ್ಟೆ. ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಮಕ್ಕಳಿಲ್ಲ. ಟ್ರೈನಿಂಗ್ ಆದ ಇಬ್ಬರು ಆಯಾಗಳು — ಒಪ್ಪಿಸಿ, ಸಹಿ ಹಾಕಿಸಿಕೊಂಡೇ ತಂದಿದ್ದೆ. ಔಷಧಿ ಬೀರುವಿನಲ್ಲಿ, ಕೀ ನನ್ನ ಹತ್ತಿರ, ಡಾಕ್ಟರ್ ಚೀಟಿ ಇಲ್ಲದೆ ಒಂದು ಹನಿಯೂ ಇಲ್ಲ. ಮೂರು ವರ್ಷ ತುಂಬಿದವರು ಅಂಗನವಾಡಿಗೆ.

ಮಕ್ಕಳು ತಾಯಂದಿರ ಹತ್ತಿರವೇ ಇರಲಿ ಎಂದಿತು ಸಮಿತಿ. ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ನನಗೆ ಲಿಖಿತ ಎಚ್ಚರಿಕೆ. ನ್ಯಾಯವೇ. ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಹೊರಗೆ ಬೆಂಚಿನ ಮೇಲೆ ಸಿದ್ದಕ್ಕ, ಪಕ್ಕದಲ್ಲಿ ಮಹಿಳಾ ಪೊಲೀಸ್. ಕೇಸ್ ನಡೆಯುತ್ತಿದೆ. ಬೇರೆ ಕೇಂದ್ರದಲ್ಲಿ ಇಟ್ಟಿದ್ದಾರೆ, ಮಕ್ಕಳಿಲ್ಲದ ಕಡೆ. ಮುಖ ತಿರುಗಿಸಿ ಹೋಗೋಣ ಎಂದುಕೊಂಡಿದ್ದೆ.

‘ಯಮುನಾ ಮಾತಾಡ್ತಾಳೇನ್ರೀ?’ ಎಂದಳು.

‘ಶುರು ಮಾಡಿದಾಳೆ.’

‘ಚಲೋ ಆತು’ ಎಂದಳು. ಸುಳ್ಳಿರಲಿಲ್ಲ ಆ ಮಾತಿನಲ್ಲಿ. ಸಿಟ್ಟು ಹೋಗಲಿಲ್ಲ ನನಗೆ. ಆದರೆ ಮುಖ ತಿರುಗಿಸಲಿಲ್ಲ.

ಆಗಸ್ಟ್ 6, ಬುಧವಾರ

ಅಂಗನವಾಡಿ. ಟೀಚರ್ ಅಂಜಿನಮ್ಮ ಇಲ್ಲಿಯ ಹಳ್ಳಿಯವರೇ, ಗಟ್ಟಿ ಹೆಂಗಸು.

‘ಅಡ್ರೆಸ್ ಇಲ್ದೋರು. ಇವತ್ತು ಬತ್ತಾರೆ, ನಾಳೀಕೆ ಎದ್ದೋಯ್ತಾರೆ. ಎಸ್ರು ಎಂಗೆ ಬರ್ಕೊಳ್ಳೋದು?’

‘ನಾಳೆ ಮಾತು ನಾಳೆ ಅಂಜಿನಮ್ಮೋರೇ. ಇವತ್ತು ಇದಾರಲ್ಲ? ಅಡ್ರೆಸ್ ನಮ್ ಕೇಂದ್ರದ್ದೇ ಬರ್ಕೊಳ್ಳಿ. ಸಮಿತಿ ಪತ್ರ ಇಲ್ಲಿದೆ.’

ಪತ್ರವನ್ನು ಎರಡು ಸಲ ಓದಿದರು. ಆಮೇಲೆ ಪತ್ರ ಪಕ್ಕಕ್ಕಿಟ್ಟು ಯಮುನಾಳ ಗಲ್ಲ ಹಿಡಿದು ನೋಡಿದರು. ‘ಎಷ್ಟು ತೆಳ್ಳಗದೆ ಕೂಸು. ನಾಳೆ ಒಂಬತ್ತೂವರೆಗೆ ಕರ್ಕೊಂಡ್ಬನ್ನಿ. ಲೇಟಾದ್ರೆ ಮೊಟ್ಟೆ ಖಾಲಿ ಆಯ್ತದೆ.’

ಐದು ಮಕ್ಕಳ ಹೆಸರು ಹತ್ತಿತು.

ಆಗಸ್ಟ್ 19, ಮಂಗಳವಾರ, ಬೆಳಗ್ಗೆ 9

ಆಯಾ ಒಬ್ಬಳು ರಜೆ. ಐವರನ್ನೂ ಅಂಗನವಾಡಿಗೆ ಬಿಡುವುದು ಇವತ್ತು ನಾನೇ. ನಿನ್ನೆ ಡಾಕ್ಟರ್ ಯಮುನಾಳನ್ನು ಮತ್ತೆ ನೋಡಿದರು. ಮಾತು ವಯಸ್ಸಿಗೆ ತಕ್ಕಷ್ಟು ಇಲ್ಲ, ಆದರೆ ದಿನಕ್ಕೊಂದು ಕಲಿಯುತ್ತಿದ್ದಾಳೆ, ಬೇರೆ ಮಕ್ಕಳ ಸಮಕ್ಕೆ ಬಂದುಬಿಡುತ್ತಾಳೆ ಎಂದರು. ಮಹಾನಂದಾ ಪಟ್ಟಿ ಮಾಡಿದ್ದಾಳಂತೆ, ಬೆರಳು ಮಡಚಿ — ಮೂವತ್ತೊಂದು ಮಾತು. ಅದರಲ್ಲಿ ‘ಒಲ್ಲೆ’ ಎನ್ನುವುದೇ ಹೆಚ್ಚು ಬಳಕೆ. ಶನಿವಾರ ನೆಗಡಿ ಎಂದು ಡಾಕ್ಟರ್ ಬರೆದುಕೊಟ್ಟ ಔಷಧಿಗೂ ಒಲ್ಲೆ. ಬಾಯಿ ಬಿಗಿಹಿಡಿದು ಚಮಚವನ್ನು ತಳ್ಳಿ ನನ್ನ ಸೀರೆಗೆಲ್ಲ ಚೆಲ್ಲಿದಳು. ಬೈಯಲಿಲ್ಲ. ಔಷಧಿ ಯಾಕೆ, ಎಷ್ಟು ಎಂದು ಹೇಳಿ ಕಾದೆ. ಹತ್ತು ನಿಮಿಷ ಹಿಡಿಯಿತು. ಹಿಡಿಯಲಿ.

ರಸ್ತೆ ದಾಟುವಾಗ ಕೈ ಕೊಡುವುದೂ ಒಲ್ಲೆ. ಲಾರಿಗಳ ಟೈಮು ಬೇರೆ. ಇವಳಿಗೆ ಚಪ್ಪಲಿ ಹಾಕುವಷ್ಟರಲ್ಲಿ ಉಳಿದ ನಾಲ್ವರೂ… ಅಯ್ಯೋ, ಗೇಟಿನ ಚಿಲಕ ಯಾರು ತೆಗೆದರು? ಯಮುನಾ! ನಿಲ್ಲು, ನಾನೂ ಬಂ