ಕಾಂಚನಾಳ ಓದಿನ ಕಾರ್ಡು

ಡೊಂಬಿವಲಿ ಪೂರ್ವ
12 ಜುಲೈ 2025, ಶನಿವಾರ

ಪ್ರೀತಿಯ ಮಗಳು ಕಾಂಚನಾಳಿಗೆ,

ನಿನ್ನ ಅವ್ವನ ಆಶೀರ್ವಾದ. ನೀನು, ಅಳಿಯಂದಿರು, ನನ್ನ ಪುಟ್ಟಿ ಈರಾ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಾನೂ ಆರಾಮ, ಮೊಣಕಾಲೊಂದು ಬಿಟ್ಟು. ನೀನು ಫೋನು ಕಟ್ ಮಾಡಿ ಮೂರು ವಾರವಾಯಿತು. ನಾಲ್ಕು ಸಲ ಈ ಕಾಗದ ಶುರುಮಾಡಿ ನಾಲ್ಕು ಸಲ ಹರಿದೆ. ತಡವಾಯಿತು, ಸಿಟ್ಟಾಗಬೇಡ. ಸಿಟ್ಟಾಗಿ ಕೂತವಳಿಗೇ ಸಿಟ್ಟಾಗಬೇಡ ಎನ್ನುತ್ತಿದ್ದೇನೆ, ನೋಡು ನನ್ನ ಬುದ್ಧಿ! ವಾಟ್ಸಾಪಿನಲ್ಲಿ ಮಾತಾಡಿ ಕಳಿಸಬಹುದಿತ್ತು. ಆದರೆ ಬಾಯಿ ಬಿಟ್ಟರೆ ನಾನು ಹೇಗೆ ಮಾತು ತಿರುಗಿಸುತ್ತೇನೆಂದು ನಿನಗೆ ಗೊತ್ತು. ಅಕ್ಷರ ದೊಡ್ಡದಾಗಿ, ಸಾಲುಗಳ ನಡುವೆ ಜಾಗ ಬಿಟ್ಟು, ಹಾಳೆಯ ಒಂದೇ ಬದಿಗೆ ಬರೆದಿದ್ದೇನೆ. ಅವಸರ ಬೇಡ. ಎರಡು ದಿನ ಹಿಡಿದರೂ ಓದು.

ಇಲ್ಲಿ ಸೊಸೈಟಿಯ ಲಿಫ್ಟು ಮತ್ತೆ ಕೆಟ್ಟಿದೆ. ನಿನ್ನಪ್ಪ ಹೋಗಿ ಎರಡು ವರ್ಷವಾದರೂ ಕರೆಂಟ್ ಬಿಲ್ಲು ಅವರ ಹೆಸರಿಗೇ ಬರುತ್ತದೆ. 'ಪ್ರಭುದೇವ' ಎಂದು ಓದಿ ಟಿವಿಯ ಮೇಲೆ ಇಡುತ್ತೇನೆ.

ಶಾಲೆಯ ಲೈಬ್ರರಿ ಈಗ ನೀನು ಕಂಡಂತಿಲ್ಲ. ಕಪಾಟುಗಳ ಬೀಗ ತೆಗೆಸಿದೆ, ನೆಲಕ್ಕೆ ಚಾಪೆ ಹಾಸಿದೆ. ಓದಿನ ಕಾರ್ಡು ಮಾತ್ರ ಅದೇ. ಪುಸ್ತಕ ವಾಪಸು ಕೊಡುವಾಗ ಮಗು ನನ್ನ ಟೇಬಲ್ಲಿನ ಮುಂದೆ ನಿಂತು ಕಥೆ ಹೇಳಬೇಕು, ಹೇಳಿದರೆ ಕಾರ್ಡಿನ ಒಂದು ಮನೆಗೆ ರಬ್ಬರ್ ಶಿಕ್ಕಾ ಒತ್ತುತ್ತೇನೆ. ಇಪ್ಪತ್ತೈದು ಮನೆ ತುಂಬಿದರೆ ಶಾಲೆಯ ವಾರ್ಷಿಕ ಗ್ಯಾದರಿಂಗಿನ ದಿನ ಸ್ಟೇಜು ಹತ್ತುವ ಮಾನ. ಆದರೆ ಈಗ ಓದಲಾಗದ ಮಗುವಿನ ಪಕ್ಕ ಇನ್ನೊಂದು ಮಗು ಕೂತು ಓದಿ ಹೇಳುತ್ತದೆ. ಕೇಳಿದವರಿಗೂ ಓದಿದವರಷ್ಟೇ ಶಿಕ್ಕಾ. ಸ್ಟೇಜಿನ ಮೇಲೆ ಯಾರೂ ಓದಬೇಕಾಗಿಲ್ಲ, ಬಂದಂತೆ ಕಥೆ ಹೇಳಿದರೆ ಸಾಕು.

ಐದನೆಯ ಇಯತ್ತೆಯಲ್ಲಿ ತನ್ವಿ ಎಂಬವಳಿದ್ದಾಳೆ. ಸ್ಟೇಶನ್ನಿನ ಹತ್ತಿರದ ಉಡುಪಿ ಹೋಟೆಲ್ಲಿನವರ ಮಗಳು. ಅಕ್ಷರಗಳು ಅವಳಿಗೆ ಅದಲುಬದಲಾಗಿ ಕಾಣುತ್ತವೆ. ಹೋದ ವರ್ಷ ಲೈಬ್ರರಿ ಪಿರಿಯಡ್ ಬಂತೆಂದರೆ ಹೊಟ್ಟೆನೋವು ಎನ್ನುತ್ತಿದ್ದಳು. ಅವಳ ಕ್ಲಾಸಿನ ಮನೀಶನ ಪಕ್ಕ ಕೂರಿಸಿದೆ, ಅವನು ಓದಿದ, ಇವಳು ಕೇಳಿದಳು. ಮೂರು ವಾರದ ಹಿಂದೆ ಬಂದು ಆಮೆಯ ಕಥೆ ಹೇಳಿದಳು ನೋಡು, ಅರ್ಧ ತುಳು, ಅರ್ಧ ಮರಾಠಿ, ನಡುನಡುವೆ ಕನ್ನಡ! ಆಮೆಗೆ ದಿವಾ ಸ್ಟೇಶನ್ನಿನಲ್ಲಿ ಲೋಕಲ್ ಟ್ರೇನು ತಪ್ಪಿಹೋಗುವ ಭಾಗ ಪುಸ್ತಕದಲ್ಲಿ ಇರಲೇ ಇಲ್ಲ. ನಗುತ್ತಾ ಶಿಕ್ಕಾ ಎತ್ತಿಕೊಂಡೆ. "ಟೀಚರ್, ನಾನೇ ಒತ್ಲಾ?" ಎಂದು ಕೈ ಚಾಚಿದಳು. ನನ್ನ ನಗು ಅಲ್ಲೇ ಆರಿಹೋಯಿತು.

ಅದೇ ದಿನ ಸ್ಟಾಫ್ ಮೀಟಿಂಗಿನಲ್ಲಿ ನಮ್ಮ ಹೆಡ್ಮಾಸ್ಟರು ದಯಾನಂದ ಸರ್, "ವಿಮಲಾ ಬಾಯಾರ ಕೈಯಾಗ ಯಾವ ಹುಡುಗೂರೂ ಹಿಂದ ಉಳಿಯೂದಿಲ್ರಿ" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ನನಗೆ ಅಲ್ಲಿ ಕೂರಲಾಗಲಿಲ್ಲ. ತಲೆನೋವೆಂದು ಮನೆಗೆ ಬಂದೆ.

ಸಂಜೆಗೇ ಅಳಿಯ ಸ್ವಪ್ನಿಲ್ ಫೋನು ಮಾಡಿದರು. ಈರಾ ಅಕ್ಷರ ತಿರುಗಿಸಿ ಬರೆಯುತ್ತಾಳೆ, ಶಾಲೆಯವರು ಕರೆಸಿ ಹೇಳಿದ್ದಾರೆ, ಏನು ಮಾಡಲಿ ಎಂದರು. ಶನಿವಾರ ಶನಿವಾರ ನನ್ನ ಲೈಬ್ರರಿಗೆ ಕರೆತನ್ನಿ ಎಂದೆ. ಆಗ ನೀನು ಫೋನು ಕಸಿದುಕೊಂಡೆ. "ನಕೋ ಅವ್ವಾ. ನನ್ನ ಮಗಳು ನಿನ್ನ ಲೈಬ್ರರಿ ಮೆಟ್ಲ ಹತ್ತೂದಿಲ್ಲ. ಬಸ್!"

ನೀನು ಹೇಳಿದ್ದು ನ್ಯಾಯವೇ. ಇಪ್ಪತ್ತೊಂದು ವರ್ಷ ನಾವಿಬ್ಬರೂ ಬಾಯಿಗೆ ತಾರದ ಮಾತನ್ನು ಇವತ್ತು ನಾನೇ ಬರೆಯುತ್ತೇನೆ.

ನೀನಾಗ ನಾಲ್ಕನೆಯ ಇಯತ್ತೆ. ನಿನಗೆ ಓದಲು ಬರುತ್ತಿರಲಿಲ್ಲ. ಮೈಗಳ್ಳಿ ಎಂದುಕೊಂಡೆ, ಕಿವಿ ಹಿಂಡಿದೆ. ಲೈಬ್ರರಿ ಬಾಯಾರ ಮಗಳ ಕಾರ್ಡೇ ಖಾಲಿ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು ನಿನ್ನ ಕಾರ್ಡಿಗೆ ಶಿಕ್ಕಾ ಒತ್ತಿದೆ. ಇಪ್ಪತ್ತೈದೂ ಮನೆಗೆ. ತಾರೀಖು ಬೇರೆ ಬೇರೆ ಹಾಕಿದೆ, ಅಷ್ಟು ಜಾಣೆ ನಾನು! ಸ್ಟೇಜಿನ ಮೇಲೆ ಒಂದು ಪುಟ ಓದಿಸುತ್ತಾರೆಂದು ಗೊತ್ತಿತ್ತಲ್ಲ, ನಿನಗೆ ಒಂದು ಪುಸ್ತಕದ ಮೊದಲನೆಯ ಪುಟ ಬಾಯಿಪಾಠ ಮಾಡಿಸಿದೆ. ಹನ್ನೊಂದು ದಿನ ಹಿಡಿಯಿತು. ನೀನು ಊಟ ಮಾಡುವಾಗಲೂ ಗುಣುಗುಣು ಅನ್ನುತ್ತಿದ್ದೆ.

ಗ್ಯಾದರಿಂಗಿನ ದಿನ ಆಗಿನ ಹೆಡ್‌ಮಿಸ್ಟ್ರೆಸ್ ಜಯಲತಾ ಟೀಚರ್ ಅದೇ ಪುಸ್ತಕದ ನಡುವಿನ ಯಾವುದೋ ಪುಟ ತೆರೆದು ನಿನ್ನ ಕೈಗಿಟ್ಟರು. ಅದು ಬೇರೆ ಪುಟವೆಂದು ನಿನಗೆ ತಿಳಿಯಬೇಕಲ್ಲ. ನೀನು ಕಲಿತ ಪುಟವನ್ನೇ ಹೇಳಿದೆ, ಜೋರಾಗಿ, ನನ್ನ ಕಡೆಗೇ ನೋಡಿ ನಗುತ್ತಾ. ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ನಿನಗೆ ಯಾಕೆ ನಗುತ್ತಾರೆಂದು ಗೊತ್ತಾಗದೆ ಮತ್ತೂ ಜೋರಾಗಿ ಹೇಳಿದೆ. ಕಾಂಚಿ, ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ಆಫೀಸಿನಲ್ಲಿ ಜಯಲತಾ ಟೀಚರ್ ಕಾರ್ಡು ಮುಂದಿಟ್ಟು, "ಈ ಶಿಕ್ಕಾ ಹಾಕಿದ್ದು ಯಾರು?" ಎಂದು ಕೇಳಿದರು. ನಾನು ಹೇಳಿದ್ದು ನಿನಗೆ ನೆನಪಿದೆ, ನನಗೂ ಇದೆ. "ನನ್ನ ಟೇಬಲ್ಲಿನ ಶಿಕ್ಕಾ ಇಡೂ ಖಾನಿ ತೆರದ ಇರ್ತದ್ರಿ. ಆಕೀನ ಒತ್ಕೊಂಡಿರಬೇಕ್ರಿ." ನೀನು ನನ್ನ ಮುಖ ನೋಡಿದೆ. ಅಳಲಿಲ್ಲ. "ಹೂಂ ಟೀಚರ್, ನಾನ ಒತ್ಕೊಂಡೆ" ಎಂದೆ. ಹತ್ತು ವರ್ಷದ ಕೂಸು ನನ್ನ ನೌಕರಿ ಉಳಿಸಿತು. ಮನೆಗೆ ಬಂದ ಮೇಲೆ ನಿನ್ನಪ್ಪ ಕಳ್ಳಿ ಎಂದು ಹೊಡೆದರು, ಎಂದೂ ನಿನ್ನ ಮೇಲೆ ಕೈ ಎತ್ತದ ಮನುಷ್ಯ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಿನ್ನ ಅಳು ಕೇಳಬಾರದೆಂದು ಮತ್ತೂ ಜೋರಾಗಿ ಬಡಿದೆ. ಮರುದಿನದಿಂದ ನೀನು ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ಲೈಬ್ರರಿಯ ಮುಂದೆ ಬರಬಾರದೆಂದು ಹಿಂದಿನ ಜಿನೆಯ ಮೆಟ್ಟಿಲು ಹತ್ತಿ ಕ್ಲಾಸಿಗೆ ಹೋಗುತ್ತಿದ್ದೆ.

ಹೋದ ಸೋಮವಾರ ದಯಾನಂದ ಸರ್ ಮುಂದೆ ಕೂತು ಎಲ್ಲ ಹೇಳಿದೆ. "ಮುಗಿದ ಮಾತು, ಬಿಡ್ರಿ ಬಾಯಾರ" ಎಂದರು. ನಾನು ಬಿಡಲಿಲ್ಲ. ಹಳೆಯ ಶಿಸ್ತಿನ ರಜಿಸ್ಟರ್ ತೆಗೆಸಿ, 'ಶಿಕ್ಕಾ ಕದ್ದಿದ್ದಾಳೆ' ಎಂದು ನಿನ್ನ ಹೆಸರಿದ್ದ ಸಾಲಿನ ಕೆಳಗೆ 'ಒತ್ತಿದವಳು ನಾನು' ಎಂದು ಬರೆದು ಸಹಿ ಹಾಕಿದೆ. ಅವರು ನೌಕರಿಯ ವಿಷಯ ಏನು ಮಾಡುತ್ತಾರೋ ಮಾಡಲಿ.

ನಿನ್ನಲ್ಲಿ ಬೇಡುವುದು ಒಂದೇ. ನನ್ನ ಮೇಲಿನ ಸಿಟ್ಟಿಗೆ ಈರಾಳ ದಾರಿ ಕಟ್ಟಬೇಡ. ನಿಮ್ಮ ಖಾರಘರದಲ್ಲಿ ಠಾಣೆಯ ಲೋಕಲ್ ಹಿಡಿದು, ಠಾಣೆಯಲ್ಲಿ ಬದಲಿಸಿ ಡೊಂಬಿವಲಿಗೆ ಬಾ. ಶನಿವಾರ ಲೈಬ್ರರಿಯಲ್ಲಿ ಸುಗುಣಾ ಟೀಚರ್ ಇರುತ್ತಾರೆ. ಇಂಥ ಮಕ್ಕಳಿಗೆ ಕಲಿಸುವ ಟ್ರೇನಿಂಗ್ ಆದವರು, ಗದರಿಸುವ ಬಾಯೇ ಇಲ್ಲ ಅವರಿಗೆ. ನಾನು ಇರುವುದಿಲ್ಲ. ಶನಿವಾರಗಳಿಗೆಲ್ಲ ರಜೆ ಬರೆದುಕೊಟ್ಟಿದ್ದೇನೆ. ಮೊಮ್ಮಗಳು ಕಥೆ ಹೇಳುವುದನ್ನು ನಾನು ಕೇಳದಿದ್ದರೂ ಪರವಾಗಿಲ್ಲ, ಅವಳು ಹೇಳಿದರೆ ಸಾಕು.

ನಿನ್ನ ಹೊಲಿಗೆ ಕ್ಲಾಸು ಚೆನ್ನಾಗಿ ನಡೆಯಲಿ, ಅಳಿಯಂದಿರ ಆರೋಗ್ಯ ಚೆನ್ನಾಗಿರಲಿ. ಈರಾ ನಿನ್ನಂಥ ದೊಡ್ಡ ಮನಸ್ಸಿನವಳಾಗಿ ಬೆಳೆಯಲಿ. ಅವಳ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ಅವ್ವ,
ವಿಮಲಾ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲಿನ ಹಳೆಯ ಮಾತೆಲ್ಲ ನಿನಗೆ ಗೊತ್ತಿದ್ದದ್ದೇ. ಇದು ಗೊತ್ತಿಲ್ಲ. ನಿನ್ನಪ್ಪ ಠಾಣೆಯ ಆಸ್ಪತ್ರೆಯಲ್ಲಿದ್ದ ಕೊನೆಯ ವಾರ, ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು. "ಕಾಂಚಿ ಅವತ್ತ ಶಿಕ್ಕಾ ಕದ್ದದ್ದು ಖರೇನ? ಆಕಿ ಹಂಗ ಮಾಡಾಕಿ ಅಲ್ಲ ಅಂತ ನನಗ ಯಾಕೋ ಅನಸ್ತದ. ನಾ ಸುಮ್ಮನ ಹೊಡದಿದ್ರ ಹೇಳು, ಆಕೀ ಕೈ ಹಿಡದು ಮಾಫಿ ಕೇಳ್ತೇನಿ" ಎಂದರು. "ಖರೇನ, ಆಕೀನ ಕದ್ದಿದ್ಲು" ಎಂದೆ ನಾನು. ಸಾಯುವ ಮನುಷ್ಯನ ಮುಂದೆ ಅಂದೆ. ಮರುದಿನ ನೀನು ಗಂಜಿ ತಂದಾಗ ಅವರು ನಿನ್ನ ಕೈ ಹಿಡಿದು, "ಹೋಗ್ಲಿ ಬಿಡವ್ವಾ, ನಾ ನಿನ್ನ ಮಾಫ್ ಮಾಡೇನಿ" ಎಂದರಲ್ಲ. ಹೊರಗೆ ಬಂದು ನೀನು ಕೇಳಿದೆ, "ಅಪ್ಪ ಏನ ಮಾಫ್ ಮಾಡಿದ್ರು?" ಎಂದು. ಔಷಧದ ಅಮಲು ಎಂದು ಹೇಳಿದೆ. ಅವರಿಗೆ ಯಾವ ಅಮಲೂ ಇರಲಿಲ್ಲ, ಕಾಂಚಿ. ನಿನ್ನ ಹತ್ತಿರ ಮಾಫಿ ಕೇಳಬೇಕೆಂದಿದ್ದರು. ನಾನು ಕೇಳಗೊಡಲಿಲ್ಲ.